ಮೊದಲು ವಾರಸುದಾರರ ಹೆಸರು ಕೇಳುವ ವಕೀಲರು

ನಮ್ಮ ತಂದೆಯವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಜಮೀನು, ಮನೆ ಮತ್ತು ಠೇವಣಿಗಳನ್ನು ವಾರಸುದಾರರ ಹೆಸರಿಗೆ ತರುವ ಕೆಲಸಕ್ಕೆ ವಕೀಲರೊಬ್ಬರನ್ನು ಹುಡುಕುವ ಹೊಣೆ ಹಿರಿಯ ಮಗಳಾದ ನನ್ನ ಮೇಲೆ ಬಿತ್ತು. ನಾನು ಚಿಕ್ಕಬಳ್ಳಾಪುರದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಜಮೀನು ಇರುವುದು ಚಿಂತಾಮಣಿ ತಾಲ್ಲೂಕಿನ ನಮ್ಮ ಊರಿನಲ್ಲಿ. ಆ ಹುಡುಕಾಟದಲ್ಲಿ ಕಲಿತದ್ದನ್ನು ಶಾಲೆಯ ಸಹೋದ್ಯೋಗಿಗಳು, ನೆಂಟರು ಒಬ್ಬೊಬ್ಬರಾಗಿ ಕೇಳತೊಡಗಿದ್ದರಿಂದ ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ. ಈ ಕೆಲಸಕ್ಕೆ ತಕ್ಕ ವಕೀಲರನ್ನು ಗುರುತಿಸಲು ನನಗೆ ಸಿಕ್ಕ ನಂಬಲರ್ಹವಾದ ಗುರುತು ಒಂದೇ: ಅವರು ಸರ್ವೆ ನಂಬರನ್ನಾಗಲಿ ಜಮೀನಿನ ಬೆಲೆಯನ್ನಾಗಲಿ ವಿಚಾರಿಸುವ ಮೊದಲು, ತೀರಿಕೊಂಡವರಿಗೆ ಯಾರು ಯಾರು ಇದ್ದಾರೆ ಎಂದು ಒಬ್ಬರನ್ನೂ ಬಿಡದೆ ಕೇಳಿ ಬರೆದುಕೊಳ್ಳುತ್ತಾರೆ.

ಹುಡುಕಾಟ ಆರಂಭಿಸಿದಾಗ ಎಲ್ಲರ ಬಾಯಲ್ಲೂ ಇದ್ದ ಮಾತು ಪ್ರೊಬೇಟ್. ವಿದೇಶದಲ್ಲಿ ನೆಲೆಸಿರುವ ನೆಂಟರೊಬ್ಬರು, ಪ್ರೊಬೇಟ್ ಆಗದೆ ಒಂದು ಕಾಗದವೂ ಅಲುಗಾಡುವುದಿಲ್ಲ, ಅದರಲ್ಲೇ ಪಳಗಿದ ವಕೀಲರನ್ನು ಹಿಡಿಯಿರಿ ಎಂದು ಒತ್ತಿ ಹೇಳಿದ್ದರು. ಅವರಿರುವ ದೇಶದ ಪದ್ಧತಿ ಹಾಗಿರಬಹುದು, ಆದರೆ ನಮ್ಮ ಕಡೆಯ ಸ್ಥಿತಿ ಬೇರೆ. ಪ್ರೊಬೇಟ್ ಎಂದರೆ ಉಯಿಲು ನಿಜವಾದದ್ದೆಂದು ನ್ಯಾಯಾಲಯ ಪರಿಶೀಲಿಸಿ, ಉಯಿಲಿನಲ್ಲೇ ನೇಮಕಗೊಂಡ ನಿರ್ವಾಹಕರಿಗೆ ಕೊಡುವ ದೃಢೀಕರಣ. ಉಯಿಲೇ ಇಲ್ಲದಿದ್ದರೆ ಪ್ರೊಬೇಟಿನ ಪ್ರಶ್ನೆಯೇ ಏಳುವುದಿಲ್ಲ. ಉಯಿಲಿದ್ದು ಅದರಲ್ಲಿ ನಿರ್ವಾಹಕರ ನೇಮಕ ಇಲ್ಲದಿದ್ದರೆ ನ್ಯಾಯಾಲಯ ಕೊಡುವುದು ಆಡಳಿತ ಪತ್ರವನ್ನೇ ಹೊರತು ಪ್ರೊಬೇಟನ್ನಲ್ಲ. ಇನ್ನು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ 2025ರವರೆಗೆ ಇದ್ದ, ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವೆಂಬ ನಿಯಮ ರೂಪುಗೊಂಡದ್ದು ಬ್ರಿಟಿಷರ ಕಾಲದ ಬಂಗಾಳ ಪ್ರಾಂತ್ಯವನ್ನೂ ಮದ್ರಾಸ್ ಮತ್ತು ಮುಂಬೈ ಹೈಕೋರ್ಟುಗಳ ಮೂಲ ವ್ಯಾಪ್ತಿಯನ್ನೂ ಗಮನದಲ್ಲಿಟ್ಟುಕೊಂಡು. ಅಂದಿನ ಮೈಸೂರು ಸಂಸ್ಥಾನ ಅದರ ಹೊರಗಿತ್ತು. ಆದ್ದರಿಂದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಜಮೀನಿಗೆ ಸಂಬಂಧಿಸಿದ ಉಯಿಲನ್ನು ಪ್ರೊಬೇಟ್ ಇಲ್ಲದೆಯೇ ಜಾರಿಗೆ ತರಬಹುದು. ಇದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳದೆ, ದೊಡ್ಡ ಮೊಕದ್ದಮೆಯ ಚಿತ್ರವನ್ನು ಮುಂದಿಟ್ಟು ವಕಾಲತ್ತಿಗೆ ಸಹಿ ಕೇಳುವವರಿಂದ ದೂರವಿರುವುದು ಒಳ್ಳೆಯದು.

ನಿಜವಾಗಿ ನಮ್ಮ ಮುಂದಿದ್ದದ್ದು ಒಂದೇ ಕೆಲಸವಲ್ಲ. ಕೃಷಿ ಜಮೀನಿಗೆ ಪೌತಿ ಖಾತೆಯಾಗಬೇಕು, ಎಂದರೆ ದಾಖಲೆಯಲ್ಲಿ ತೀರಿಕೊಂಡವರ ಬದಲು ವಾರಸುದಾರರ ಹೆಸರು ಬರಬೇಕು. ಅದರ ದಾರಿ ನಾಡಕಚೇರಿ ಮತ್ತು ತಾಲ್ಲೂಕು ಕಚೇರಿಯದು. ಪಟ್ಟಣದ ಮನೆಯ ಖಾತೆ ನಗರಸಭೆಯಲ್ಲಿ ಬದಲಾಗಬೇಕು. ನಾಮನಿರ್ದೇಶನವಿಲ್ಲದ ಠೇವಣಿಗೆ ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರ ಕೇಳಿದರೆ ಅದಕ್ಕೆ ನ್ಯಾಯಾಲಯಕ್ಕೇ ಹೋಗಬೇಕು. ಈ ಮೂರೂ ಕಡೆಯ ರೂಢಿ ತಿಳಿದ ವಕೀಲರು ಬೇಕು ಎಂಬುದು ನಮಗೆ ಬೇಗನೆ ಅರ್ಥವಾಯಿತು. ನ್ಯಾಯಾಲಯದಲ್ಲಿ ಚೆನ್ನಾಗಿ ವಾದಿಸುವವರೆಲ್ಲರಿಗೂ ಪಹಣಿಯ ಹನ್ನೊಂದನೆಯ ಕಾಲಂನಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಇರುವುದಿಲ್ಲ. ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ಎಲ್ಲರಿಗೂ ಪರಿಚಿತರಾದವರಿಗೆ ಉತ್ತರಾಧಿಕಾರದ ಕಾನೂನು ತಿಳಿದಿರಲೇಬೇಕೆಂದೂ ಇಲ್ಲ.

ಬೆಂಗಳೂರಿನ ವಕೀಲರನ್ನೇ ನೇಮಿಸಿಕೊಳ್ಳೋಣ ಎಂದು ನನ್ನ ತಮ್ಮ ಮೊದಲು ಹೇಳಿದ್ದ. ದೊಡ್ಡ ಊರಿನಲ್ಲಿ ದೊಡ್ಡ ವಕೀಲರಿದ್ದಾರೆ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಉತ್ತರಾಧಿಕಾರ ಪ್ರಮಾಣಪತ್ರದ ಅರ್ಜಿಯನ್ನು ತೀರಿಕೊಂಡವರು ಸಾಮಾನ್ಯವಾಗಿ ಎಲ್ಲಿ ವಾಸವಾಗಿದ್ದರೋ ಆ ವ್ಯಾಪ್ತಿಯ ನ್ಯಾಯಾಲಯದಲ್ಲಿ ಸಲ್ಲಿಸಬೇಕು. ಪ್ರತಿ ವಾಯಿದೆಗೂ ಬೆಂಗಳೂರಿನಿಂದ ಬರುವ ವಕೀಲರ ಪ್ರಯಾಣದ ವೆಚ್ಚ ಕಕ್ಷಿದಾರರ ತಲೆಗೇ ಬರುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣವೂ ಒಂದಿದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮೊದಲು ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ಎಲ್ಲವೂ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ನಮ್ಮ ತಂದೆಯವರ ಕ್ರಯಪತ್ರದಲ್ಲಿ, ತಾತನವರ ಕಾಲದ ಪಾಲುಪಟ್ಟಿಯಲ್ಲಿ, ಹಳೆಯ ಠೇವಣಿ ರಸೀದಿಯಲ್ಲಿ ಎಲ್ಲೆಡೆ ಕೋಲಾರ ಜಿಲ್ಲೆ ಎಂದೇ ಇದೆ. ಆಸ್ತಿಯ ಷೆಡ್ಯೂಲಿನಲ್ಲಿ ಹಿಂದಿನ ಜಿಲ್ಲೆಯನ್ನೂ ಇಂದಿನ ಜಿಲ್ಲೆಯನ್ನೂ ಸರಿಯಾಗಿ ನಮೂದಿಸಬೇಕೆಂದು, ಹಳೆಯ ಮಂಜೂರಾತಿಯ ಕಡತ ಬೇಕಾದರೆ ಯಾವ ಕಚೇರಿಯ ದಾಖಲೆ ಕೊಠಡಿಯಲ್ಲಿ ಕೇಳಬೇಕೆಂದು ಹೇಳಿಕೊಡುವವರು ಈ ನೆಲದಲ್ಲೇ ವೃತ್ತಿ ನಡೆಸಿದವರು. ಈ ತಿಳಿವಳಿಕೆ ಯಾವ ಕಾನೂನು ಪುಸ್ತಕದಲ್ಲೂ ದೊರೆಯುವುದಿಲ್ಲ.

ಯಾರನ್ನು ಕೇಳಬೇಕು ಎಂಬುದು ಮುಂದಿನ ಪ್ರಶ್ನೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಕೀಲರು ಜಾಹೀರಾತು ನೀಡುವುದನ್ನು ನಿಷೇಧಿಸಿವೆ. ಹಾಗಾಗಿ ಅಂತರ್ಜಾಲದಲ್ಲಿ ಎದ್ದು ಕಾಣುವ ಹೆಸರುಗಳ ಮೇಲೆ ನಾನು ಭರವಸೆ ಇಡಲಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಎದುರು ಕುಳಿತುಕೊಳ್ಳುವ ಪತ್ರ ಬರಹಗಾರರನ್ನು ಅನೇಕರು ಮೊದಲು ಕಾಣುತ್ತಾರೆ. ಪತ್ರದ ಒಕ್ಕಣೆಯಲ್ಲಿ ಅವರ ಅನುಭವ ದೊಡ್ಡದು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಯಾರಿಗೆ ಎಷ್ಟು ಹಕ್ಕಿದೆ ಎಂದು ಹೇಳುವುದು ಅವರ ಕೆಲಸವಲ್ಲ. ನನಗೆ ನಿಜವಾದ ಸಹಾಯ ದೊರೆತದ್ದು ಇತ್ತೀಚೆಗೆ ಇದೇ ದಾರಿಯಲ್ಲಿ ನಡೆದಿದ್ದ ಕುಟುಂಬಗಳಿಂದ. ಅದರಲ್ಲೂ ಸಹೋದರಿಯರನ್ನು ಮಾತನಾಡಿಸಿದ್ದು ಬಹಳ ಉಪಯೋಗಕ್ಕೆ ಬಂತು. ಒಬ್ಬ ವಕೀಲರ ಬಗ್ಗೆ ಅಣ್ಣತಮ್ಮಂದಿರು ಹೇಳುವ ಮಾತನ್ನು ಮನೆಯ ಹೆಣ್ಣುಮಕ್ಕಳೂ ಒಪ್ಪಿದರೆ ಆ ಹೆಸರನ್ನು ಬರೆದುಕೊಳ್ಳಬಹುದು.

ಕೇಳಿದ ಹೆಸರುಗಳನ್ನು ಪರೀಕ್ಷಿಸಿ ನೋಡಲು ಇ-ಕೋರ್ಟ್ಸ್ ಜಾಲತಾಣ ನೆರವಾಯಿತು. ಅದರಲ್ಲಿ ಜಿಲ್ಲೆಯನ್ನೂ ನ್ಯಾಯಾಲಯ ಸಂಕೀರ್ಣವನ್ನೂ ಆರಿಸಿಕೊಂಡು ವಕೀಲರ ಹೆಸರಿನಿಂದ ಪ್ರಕರಣಗಳನ್ನು ಹುಡುಕಬಹುದು. ಉಯಿಲು ಮತ್ತು ಉತ್ತರಾಧಿಕಾರದ ಅರ್ಜಿಗಳಿಗೆ ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ ಪಿ ಅಂಡ್ ಎಸ್‌ಸಿ ಎಂಬ ಪ್ರತ್ಯೇಕ ವರ್ಗವಿದೆ; ದಾವೆಗಳು ಓ.ಎಸ್. ಎಂಬ ವರ್ಗದಲ್ಲಿ ಬರುತ್ತವೆ. ಒಬ್ಬ ವಕೀಲರು ಪಿ ಅಂಡ್ ಎಸ್‌ಸಿ ಅರ್ಜಿಗಳನ್ನು ನಡೆಸಿದ್ದಾರೆಯೇ, ಅವು ಮುಗಿದಿವೆಯೇ ಅಥವಾ ವಾಯಿದೆಯಿಂದ ವಾಯಿದೆಗೆ ಎಳೆದಾಡುತ್ತಿವೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಕೇವಲ ಕ್ರಿಮಿನಲ್ ಮತ್ತು ಚೆಕ್ ಬೌನ್ಸ್ ಪ್ರಕರಣಗಳೇ ಕಾಣಿಸಿದರೆ ಅವರು ಸಮರ್ಥರಿರಬಹುದು, ಆದರೆ ಈ ಕೆಲಸ ಅವರಿಗೆ ನಿತ್ಯದ್ದಲ್ಲ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ವಕಾಲತ್ತಿನಲ್ಲಿ ಅದನ್ನು ಹೇಗೂ ಬರೆಯಲೇಬೇಕಾಗುತ್ತದೆ.

ನಾವು ಮೊದಲು ಕಂಡ ವಕೀಲರೊಬ್ಬರು ಕುಳಿತ ಕೂಡಲೇ ಜಮೀನು ರಸ್ತೆಯಿಂದ ಎಷ್ಟು ದೂರ, ಎಕರೆಗೆ ಈಗ ಏನು ಬೆಲೆ ಎಂದು ಕೇಳಿದರು. ದೇವನಹಳ್ಳಿಯ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಭಾಗದ ಜಮೀನುಗಳ ಮಾತು ಹೀಗೆಯೇ ಶುರುವಾಗುತ್ತದೆ. ಮತ್ತೊಬ್ಬರು ನನ್ನತ್ತ ನೋಡದೆ ತಮ್ಮನಿಗೆ, "ಹೆಣ್ಣುಮಕ್ಕಳ ಕೈಲಿ ರಿಲೀಸ್ ಬರೆಸಿಕೊಂಡುಬಿಡಿ, ಆಮೇಲೆ ಎಲ್ಲ ಸಲೀಸು" ಎಂದರು. ಕೆಲಸವನ್ನು ಸುಲಭ ಮಾಡುವ ಸದುದ್ದೇಶವೇ ಅವರಿಗಿದ್ದಿರಬಹುದು. ಆದರೆ ಯಾರ ಹಕ್ಕನ್ನು ಬಿಡಿಸಬೇಕೆಂದು ಅವರು ಹೇಳುತ್ತಿದ್ದರೋ ಅವಳೇ ಎದುರಿಗೆ ಕುಳಿತಿರುವಾಗ, ಆ ಹಕ್ಕು ಏನು, ಎಷ್ಟು ಎಂದು ಒಂದು ಮಾತೂ ವಿವರಿಸದೆ ಬಿಡುಗಡೆಯ ಮಾತಾಡುವುದು ನನಗೆ ಸರಿಯೆನಿಸಲಿಲ್ಲ. ನಾವು ಎದ್ದು ಬಂದೆವು. ತಮ್ಮನೂ ಮರುಮಾತಿಲ್ಲದೆ ನನ್ನ ಜೊತೆ ಎದ್ದ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಕೊನೆಗೆ ನಾವು ಕೆಲಸ ಒಪ್ಪಿಸಿದ ವಕೀಲರು ಚಿಂತಾಮಣಿಯಲ್ಲೇ ದೀರ್ಘಕಾಲದಿಂದ ವೃತ್ತಿ ನಡೆಸುತ್ತಿರುವವರು. ಅವರು ಒಂದು ಖಾಲಿ ಹಾಳೆ ತೆಗೆದು ತಂದೆಯವರ ಹೆಸರನ್ನು ಮಧ್ಯದಲ್ಲಿ ಬರೆದು, ಹೆಂಡತಿ, ಮಕ್ಕಳು ಎಂದು ಕೆಳಗೆ ಗೆರೆ ಎಳೆಯುತ್ತಾ ಹೋದರು. ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದ ಮಾಡಲಿಲ್ಲ. ತೀರಿಹೋದ ಮಕ್ಕಳು ಯಾರಾದರೂ ಇದ್ದಾರೆಯೇ, ಅವರಿಗೆ ಹೆಂಡತಿ ಮಕ್ಕಳು ಇದ್ದಾರೆಯೇ, ದತ್ತು ತೆಗೆದುಕೊಂಡದ್ದಾಗಲಿ ಕೊಟ್ಟದ್ದಾಗಲಿ ಇದೆಯೇ ಎಂದು ಕೇಳಿದರು. ಆಮೇಲೆ ಹಾಳೆಯ ಮೇಲ್ಭಾಗಕ್ಕೆ ಬಂದು, "ಅಮ್ಮಾ, ನಿಮ್ಮ ಅಜ್ಜಿ ಇದ್ದಾರೆಯೇ?" ಎಂದರು. ನಮ್ಮ ತಂದೆಯವರ ತಾಯಿ ಊರಿನಲ್ಲೇ ಇದ್ದಾರೆ. ಅದುವರೆಗೆ ಯಾವ ಕಚೇರಿಯಲ್ಲೂ, ಯಾವ ವಕೀಲರ ಮೇಜಿನ ಮುಂದೆಯೂ ಆ ಪ್ರಶ್ನೆ ಬಂದಿರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ಅವರ ತಾಯಿಯೂ ಸೇರುತ್ತಾರೆ. ತಂದೆ ಸೇರುವುದಿಲ್ಲ, ಅವರು ಎರಡನೆಯ ವರ್ಗಕ್ಕೆ ಹೋಗುತ್ತಾರೆ. ನಮ್ಮ ತಂದೆಯವರು ಸ್ವಂತ ದುಡಿಮೆಯಿಂದ ಕೊಂಡ ಜಮೀನಿನಲ್ಲಿ ಅಮ್ಮ, ಅಜ್ಜಿ, ತಮ್ಮ, ತಂಗಿ ಮತ್ತು ನಾನು ಐವರೂ ಸಮಾನ ಹಕ್ಕುದಾರರು, ಒಬ್ಬೊಬ್ಬರಿಗೆ ಐದರಲ್ಲಿ ಒಂದು ಪಾಲು. ಗಂಡು ಮಗ ಸಾಯುವ ವೇಳೆಗೆ ತಾಯಿ ಬದುಕಿರುವುದು ದುಃಖದ ಸಂಗತಿಯಾದ್ದರಿಂದಲೋ ಏನೋ, ಆಸ್ತಿಯ ಮಾತು ಬಂದಾಗ ಆ ಹಿರಿಯ ಜೀವವನ್ನು ಎಲ್ಲರೂ ಮರೆಯುತ್ತಾರೆ. ವಂಶವೃಕ್ಷದ ಅಫಿಡವಿಟ್ಟಿನಲ್ಲಿಯೂ ಅವರ ಹೆಸರು ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟ ವಂಶವೃಕ್ಷದ ಮೇಲೆ ಪೌತಿ ಖಾತೆಯಾಗಿ, ವಿಭಾಗವಾಗಿ, ಒಂದು ಭಾಗ ಮಾರಾಟವೂ ಆದಮೇಲೆ ಸಂಗತಿ ಹೊರಬಂದರೆ ಕೊಂಡವರೂ ಸೇರಿ ಎಲ್ಲರೂ ನ್ಯಾಯಾಲಯದಲ್ಲಿ ನಿಲ್ಲಬೇಕಾಗುತ್ತದೆ. ಮುಖ್ಯವಾದ ಸಂಗತಿಯನ್ನು ಮರೆಮಾಚಿ ಪಡೆದ ಉತ್ತರಾಧಿಕಾರ ಪ್ರಮಾಣಪತ್ರವನ್ನು ರದ್ದುಪಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ತಂದೆಯವರಿಗೆ ಅವರ ಅಣ್ಣತಮ್ಮಂದಿರ ಜೊತೆಗಿನ ವಿಭಾಗದಲ್ಲಿ ಬಂದ ಪಿತ್ರಾರ್ಜಿತ ಜಮೀನಿನ ಲೆಕ್ಕ ಬೇರೆ ಎಂದು ವಕೀಲರು ತಿಳಿಸಿದರು. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುತ್ತದೆ. ತಂದೆಯ ಮರಣದಿಂದ ವಾರಸುದಾರರಿಗೆ ಹಂಚಿಹೋಗುವುದು ಅವರ ಪಾಲಿನ ಭಾಗ ಮಾತ್ರ. ಹೆಣ್ಣುಮಕ್ಕಳಿಗೆ ಈ ಹುಟ್ಟುಹಕ್ಕು ಒಂದೇ ದಿನ ಬಂದದ್ದಲ್ಲ. ಕೇಂದ್ರಕ್ಕಿಂತ ಮೊದಲೇ ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು, ಆದರೆ ಅದು ಜಾರಿಯಾಗುವ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ತಂದೆ ಆ ದಿನ ಬದುಕಿರಬೇಕೇ ಎಂಬ ಪ್ರಶ್ನೆ ಮುಂದೆಯೂ ಉಳಿದಿತ್ತು. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು, ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ತೀರ್ಪು ನೀಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಮುಗಿದ ವಿಭಾಗಗಳಿಗೆ ಮಾತ್ರ ಈ ತಿದ್ದುಪಡಿ ಅಡ್ಡಬರುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಪಂಚಾಯ್ತಿ ಪಾರಿಕತ್ತು, ಎಂದರೆ ವಿಭಾಗದ ಪತ್ರ, ಇದ್ದರೆ ಅದರ ದಿನಾಂಕ, ಅದು ನೋಂದಣಿಯಾಗಿದೆಯೇ ಇಲ್ಲವೇ ಎಂಬುದನ್ನು ವಕೀಲರು ಕೇಳಿಯೇ ಕೇಳಬೇಕು. ಕೇಳದಿದ್ದರೆ ನೀವೇ ಅದನ್ನು ಮೇಜಿನ ಮೇಲಿಡಿ.

ಹಕ್ಕು ಬಿಡುಗಡೆ ಪತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ, ಅದನ್ನು ಮೃದುಗೊಳಿಸಲು ಮನಸ್ಸಿಲ್ಲ. ತನ್ನ ಪಾಲನ್ನು ಪ್ರೀತಿಯಿಂದ ತಮ್ಮನಿಗೆ ಬಿಟ್ಟುಕೊಡುವ ಸ್ವಾತಂತ್ರ್ಯ ಅಕ್ಕನಿಗೆ ಇದ್ದೇ ಇದೆ. ಆದರೆ ತಿಥಿ ಊಟದ ಮರುದಿನ, ನೆಂಟರೆಲ್ಲ ಇನ್ನೂ ಮನೆಯಲ್ಲಿರುವಾಗ, ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಲ್ಲಿ ಹಾಕುವ ಸಹಿಯನ್ನು ನಾನು ಪ್ರೀತಿಯ ಸಹಿ ಎಂದು ಒಪ್ಪಲಾರೆ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ನೋಂದಣಿಯಾಗಲೇಬೇಕು. ನೋಂದಣಿಯಾದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಪೌತಿ ಖಾತೆ ಮಾಡಿಸಲು ಯಾರೂ ಹಕ್ಕು ಬಿಡಬೇಕಾದ ಅಗತ್ಯವಿಲ್ಲ. ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿ ಖಾತೆಯಾಗುತ್ತದೆ. ಯಾರಿಗೆ ಏನು ಎಂಬ ಮಾತನ್ನು ಆಮೇಲೆ, ಮನಸ್ಸು ತಿಳಿಯಾದ ಮೇಲೆ ಆಡಬಹುದು. ಈ ಎರಡನ್ನೂ ಬೇರ್ಪಡಿಸಿ ಹೇಳಿದ್ದೇ ನಮ್ಮ ವಕೀಲರು ನಮಗೆ ಮಾಡಿದ ದೊಡ್ಡ ಉಪಕಾರ.

ಶುಲ್ಕದ ವಿಷಯವನ್ನು ಮೊದಲೇ ಮಾತಾಡಿ ಬರವಣಿಗೆಯಲ್ಲಿ ಪಡೆಯಬೇಕು. ಆಸ್ತಿಯ ಮೌಲ್ಯದಲ್ಲಿ ಶೇಕಡಾ ಇಷ್ಟು, ಅಥವಾ ಕೆಲಸವಾದ ಮೇಲೆ ಇಷ್ಟು ಗುಂಟೆ ಜಮೀನು ಎಂದು ಕೇಳುವವರೂ ಇದ್ದಾರೆ. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನೂ ಬಂದದ್ದರಲ್ಲಿ ಪಾಲನ್ನೂ ಗೊತ್ತುಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ವಕೀಲರ ಶುಲ್ಕ ಬೇರೆ, ನ್ಯಾಯಾಲಯದ ಶುಲ್ಕ ಬೇರೆ, ಪತ್ರಿಕಾ ಪ್ರಕಟಣೆಯ ವೆಚ್ಚ ಬೇರೆ, ಮುದ್ರಾಂಕ ಮತ್ತು ನೋಂದಣಿ ವೆಚ್ಚ ಬೇರೆ. ಇವನ್ನು ಒಟ್ಟುಗೂಡಿಸಿ ಒಂದು ದೊಡ್ಡ ಮೊತ್ತವನ್ನು ಹೇಳಿದರೆ ಬಿಡಿಸಿ ಹೇಳಲು ಕೇಳಿ. ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಕಟ್ಟುವ ನ್ಯಾಯಾಲಯದ ಶುಲ್ಕ ಠೇವಣಿಯ ಮೊತ್ತದೊಡನೆ ಏರುವುದರಿಂದ ಅದನ್ನು ಮುಂಚಿತವಾಗಿ ತಿಳಿದುಕೊಳ್ಳುವುದು ಮುಖ್ಯ. ಮೂಲ ಪತ್ರಗಳನ್ನು ನಮ್ಮ ವಕೀಲರು ತಮ್ಮ ಬಳಿ ಇರಿಸಿಕೊಳ್ಳಲೇ ಇಲ್ಲ. ನೋಡಿ, ನಕಲು ತೆಗೆಸಿ, ಅಂದೇ ಹಿಂದಿರುಗಿಸಿದರು. ನ್ಯಾಯಾಲಯಕ್ಕೆ ಹಾಜರುಪಡಿಸಬೇಕಾದವುಗಳಿಗೆ ಮಾತ್ರ ಪಟ್ಟಿ ಬರೆದು ಸಹಿ ಮಾಡಿ ಕೊಟ್ಟರು.

ಒಂದು ಕುಟುಂಬಕ್ಕೆ ಒಬ್ಬ ವಕೀಲರು ಸಾಕೇ ಎಂದು ನನ್ನ ತಂಗಿ ಕೇಳಿದಳು. ಅವಳಿಗೆ ನನ್ನ ಮೇಲೆ ಅನುಮಾನವಿದ್ದುದರಿಂದಲ್ಲ, ಗಂಡನ ಮನೆಯಲ್ಲಿ ಅವಳಿಗೂ ಉತ್ತರಿಸಬೇಕಾದ ಪ್ರಶ್ನೆಗಳಿದ್ದವು. ವಕೀಲರು ಈ ಪ್ರಶ್ನೆಗೆ ಬೇಸರಪಡಲಿಲ್ಲ. ಎಲ್ಲರ ಒಪ್ಪಿಗೆ ಇರುವವರೆಗೆ ತಾವೊಬ್ಬರೇ ಎಲ್ಲರ ಪರವಾಗಿ ಕೆಲಸ ಮಾಡಬಹುದೆಂದೂ, ಭಿನ್ನಾಭಿಪ್ರಾಯ ಹುಟ್ಟಿದ ದಿನ ಒಂದು ಪಕ್ಷಕ್ಕೆ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ಮತ್ತೊಂದು ಪಕ್ಷದ ಪರ ನಿಲ್ಲುವಂತಿಲ್ಲವೆಂದೂ ಹೇಳಿದರು. ಆದ್ದರಿಂದ ತಮ್ಮ ಎದುರಿನ ಮಾತುಕತೆಗೆ ಎಲ್ಲರೂ ಒಟ್ಟಿಗೆ ಬರಬೇಕು, ಬರಲಾಗದವರು ಫೋನಿನಲ್ಲಾದರೂ ಇರಬೇಕು ಎಂಬ ನಿಯಮ ಮಾಡಿದರು. ಬೇರೆ ಸಲಹೆ ಬೇಕೆನಿಸುವ ಹೆಣ್ಣುಮಕ್ಕಳು ತಿಳಿದಿರಬೇಕಾದ ಸಂಗತಿ ಒಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರವೂ ತಾಲ್ಲೂಕು ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಯೂ ಇವೆ. 15100 ಸಹಾಯವಾಣಿಯ ಸಂಖ್ಯೆ. ಮನೆಮಂದಿಯೆಲ್ಲ ಒಪ್ಪಿ ಬಂದರೆ ಲೋಕ ಅದಾಲತ್ತಿನಲ್ಲಿಯೂ ವಿಭಾಗದ ದಾವೆಯನ್ನು ರಾಜಿ ಮಾಡಿಕೊಳ್ಳಬಹುದು, ಆ ತೀರ್ಪಿಗೆ ಡಿಕ್ರಿಯ ಬಲವಿರುತ್ತದೆ, ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುತ್ತದೆ.

ಠೇವಣಿಗಳ ವಿಷಯಕ್ಕೆ ಬಂದರೆ, ನಾಮನಿರ್ದೇಶಿತರೇ ಮಾಲೀಕರು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ತಂದೆಯವರ ಒಂದು ಠೇವಣಿಗೆ ತಮ್ಮನ ಹೆಸರು ನಾಮನಿರ್ದೇಶನವಾಗಿತ್ತು, ಆದ್ದರಿಂದ ಅದು ಅವನದೇ ಎಂದು ಊರಿನವರು ಹೇಳಿದ್ದರು. ಬ್ಯಾಂಕು ಹಣವನ್ನು ನಾಮನಿರ್ದೇಶಿತರಿಗೆ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆಯೇ ಹೊರತು ವಾರಸುದಾರರ ಹಕ್ಕನ್ನು ಅಳಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಬ್ಯಾಂಕ್ ಖಾತೆಯ ವಿಷಯದಲ್ಲಿಯೂ, 2023ರಲ್ಲಿ ಷೇರುಗಳ ವಿಷಯದಲ್ಲಿಯೂ ಹೇಳಿದೆ. ನಾಮನಿರ್ದೇಶನವೇ ಇಲ್ಲದ ಮತ್ತೊಂದು ಠೇವಣಿಗೆ ನ್ಯಾಯಾಲಯದ ಪ್ರಮಾಣಪತ್ರ ಬೇಕಾಯಿತು. ಅರ್ಜಿಯಲ್ಲಿ ಎಲ್ಲ ಹತ್ತಿರದ ಸಂಬಂಧಿಗಳ ಹೆಸರು ವಿಳಾಸ, ಠೇವಣಿಗಳ ವಿವರ, ಮರಣ ಪ್ರಮಾಣಪತ್ರ ಇರಬೇಕು; ಆಕ್ಷೇಪಣೆ ಕರೆದು ಪತ್ರಿಕೆಯಲ್ಲಿ ಪ್ರಕಟಣೆ ಹೊರಡುತ್ತದೆ, ಆಮೇಲೆ ಅರ್ಜಿದಾರರ ಸಾಕ್ಷ್ಯ. ಈ ಪ್ರಮಾಣಪತ್ರ ಸಾಲ ಮತ್ತು ಭದ್ರತಾಪತ್ರಗಳಿಗೆ, ಅಂದರೆ ಠೇವಣಿ, ಷೇರುಗಳಂಥವಕ್ಕೆ ಮಾತ್ರ. ಮನೆ, ಜಮೀನಿಗೂ ಇದೇ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿರಿಯರ ಮರೆತುಹೋದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿದ್ದರೂ ವಾರಸುದಾರರು ಅದನ್ನು ಬ್ಯಾಂಕಿನ ಮೂಲಕ ಪಡೆಯಬಹುದು.

ಪೌತಿ ಖಾತೆಗೆ ವಕೀಲರೇ ಬೇಕೆಂದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಗುರುತಿನ ಚೀಟಿಗಳೊಂದಿಗೆ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ಮತ್ತು ರಾಜಸ್ವ ನಿರೀಕ್ಷಕರ ಮೂಲಕ ಅದು ಸಾಗುತ್ತದೆ. ಆಕ್ಷೇಪಣೆಗೆ ನಿಗದಿತ ದಿನಗಳ ಅವಕಾಶವಿರುತ್ತದೆ. ಇ-ಪೌತಿ ಎಂಬ ಹೆಸರಿನಲ್ಲಿ ಸರ್ಕಾರವೇ ಈಚೆಗೆ ಆಂದೋಲನ ನಡೆಸಿದೆ. ವಕೀಲರ ಅಗತ್ಯ ಬೀಳುವುದು ಎಲ್ಲಿ ಎಂದರೆ, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಉಳಿದಿರುವಾಗ. ತಾತನ ಮರಣವೇ ನೋಂದಣಿಯಾಗಿರುವುದಿಲ್ಲ, ಒಂದು ವರ್ಷ ದಾಟಿದ ಮರಣದ ನೋಂದಣಿಗೆ ಅಧಿಕಾರಿಯ ಆದೇಶ ಬೇಕು, ಅಷ್ಟರಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಬೇರೆ ಬೇರೆ ಊರು ಸೇರಿರುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಅರ್ಧಕ್ಕರ್ಧ ತೊಡಕುಗಳ ಮೂಲ ಇದೇ ಎಂದು ನನಗನಿಸುತ್ತದೆ. ಖಾತೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಉಯಿಲು ಇರುವ ಮನೆಗಳವರು ವಕೀಲರನ್ನು ಇನ್ನೂ ಬೇಗ ಕಾಣಬೇಕು. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಆದರೆ ತಕರಾರು ಎದ್ದರೆ ಸಹಿ ಮಾಡಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ನ್ಯಾಯಾಲಯಕ್ಕೆ ಬರುವ ಸ್ಥಿತಿಯಲ್ಲಿದ್ದರೆ ಅವರನ್ನು ವಿಚಾರಣೆ ಮಾಡಿಸಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮ ಹಾಗೆಯೇ ಉಳಿದಿದೆ. ಸಾಕ್ಷಿಗಳು ಸಾಮಾನ್ಯವಾಗಿ ಬರೆದವರ ವಯಸ್ಸಿನವರೇ ಆಗಿರುವುದರಿಂದ ತಡಮಾಡಿದಷ್ಟೂ ತೊಂದರೆ.

ನಮ್ಮ ಮನೆಯಲ್ಲಿ ಜಂಟಿ ಖಾತೆಯಾಗಿದೆ, ಠೇವಣಿಯ ಹಣ ಹಂಚಿಕೆಯಾಗಿದೆ. ಉಳಿದಿರುವುದು ಅಜ್ಜಿಯವರ ಪಾಲಿನ ವಿಷಯ. ಅವರಿಗೆ ಮಗನಿಂದ ಬಂದ ಪಾಲು ಅವರ ಕಾಲಾನಂತರ ಅವರ ಎಲ್ಲ ಮಕ್ಕಳಿಗೆ, ಎಂದರೆ ನಮ್ಮ ಚಿಕ್ಕಪ್ಪ ಮತ್ತು ಸೋದರತ್ತೆಯರಿಗೆ, ತೀರಿಹೋದ ಮಗನ ಮಕ್ಕಳಾದ ನಮ್ಮ ಜೊತೆ ಸೇರಿ ಹೋಗುತ್ತದೆ. ಅಜ್ಜಿಯವರ ಇಚ್ಛೆ ಏನೆಂದು ತಿಳಿಯಲು ವಕೀಲರು ತಾವೇ ಊರಿಗೆ ಬಂದು, ನಮ್ಮನ್ನೆಲ್ಲ ಹೊರಗೆ ಕಳುಹಿಸಿ, ಅವರಿಗೆ ಸುಲಭವಾದ ತೆಲುಗಿನಲ್ಲೇ ಮಾತಾಡಿದರು. ತಮ್ಮ ಪಾಲು ಸೊಸೆಗೆ, ಎಂದರೆ ನಮ್ಮ ಅಮ್ಮನಿಗೆ, ಸೇರಬೇಕು, ತಾವು ಬದುಕಿರುವವರೆಗೆ ಅದರ ಆದಾಯದಲ್ಲಿ ತಮ್ಮ ಔಷಧದ ಖರ್ಚು ನಡೆಯಬೇಕು ಎಂದು ಅಜ್ಜಿ ಹೇಳಿದರಂತೆ. ಚಿಕ್ಕಪ್ಪನವರಿಗೂ ಅತ್ತೆಯರಿಗೂ ಈ ವಿಷಯವನ್ನು ಮುಚ್ಚಿಡದೆ ತಿಳಿಸಬೇಕೆಂದು ವಕೀಲರು ಹೇಳಿದ್ದರಿಂದ ತಮ್ಮನೇ ಹೋಗಿ ತಿಳಿಸಿ ಬಂದಿದ್ದಾನೆ. ಅಜ್ಜಿ ಕಚೇರಿಯ ಮೆಟ್ಟಿಲು ಹತ್ತಲಾರರು. ಅಶಕ್ತರ ಮನೆಗೆ ನೋಂದಣಾಧಿಕಾರಿಯೇ ಬಂದು ನೋಂದಣಿ ಮಾಡಲು 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿರುವುದರಿಂದ, ವೈದ್ಯರ ಪ್ರಮಾಣಪತ್ರದೊಂದಿಗೆ ಅದಕ್ಕೆ ಅರ್ಜಿ ಸಲ್ಲಿಸಿದ್ದೇವೆ. ಕರಡು ಪತ್ರವನ್ನು ಅಜ್ಜಿಗೆ ಓದಿ ಹೇಳಿ ಆಗಿದೆ. ಔಷಧದ ಖರ್ಚಿನ ಸಾಲು ಅದರಲ್ಲಿ ಸ್ಪಷ್ಟವಾಗಿಲ್ಲವೆಂದು ಅವರು ಹೇಳಿದ್ದರಿಂದ ವಕೀಲರು ಆ ಭಾಗವನ್ನು ಮತ್ತೆ ಬರೆಯುತ್ತಿದ್ದಾರೆ.